ಎಡಗಡೆಯ ಹಿಂದಿನ ಬಾಗಿಲು

ಬೇಸಿಗೆಯಲ್ಲಿ ಉತ್ತರ ಪತ್ರಿಕೆ ತಿದ್ದಿದವರಿಗೆ ಫ್ಯಾನಿನ ಕಷ್ಟ ಗೊತ್ತಿರುತ್ತದೆ. ಹಾಕದಿದ್ದರೆ ನಾವು ಕೂರುವಂತಿಲ್ಲ, ಹಾಕಿದರೆ ಹಾಳೆಗಳು ಕೂರುವುದಿಲ್ಲ. ಒಬ್ಬರು ಕಲ್ಲು ಇಡುತ್ತಾರೆ, ಇನ್ನೊಬ್ಬರು ನೀರಿನ ಚೊಂಬು ಇಟ್ಟು ಯಾವುದೋ ಪಾಪದ ಹುಡುಗಿಯ ಮೊಘಲ್ ಸಾಮ್ರಾಜ್ಯವನ್ನು ಒದ್ದೆ ಮಾಡುತ್ತಾರೆ. ನನ್ನ ಮೇಜಿನ ಮೇಲೆ ಮೊನ್ನೆ ಮೊನ್ನೆಯವರೆಗೂ ಆ ಕೆಲಸಕ್ಕಿದ್ದದ್ದು ಹಳೆಯ ಅಂಬಾಸಿಡರ್ ಕಾರಿನ ಬಾಗಿಲಿಗೆಂದು ಕೊಂಡ ಒಂದು ಲಾಕು. ಅಂಗೈಯಗಲದ್ದು, ಕನ್ನಡಿಯ ಹಾಗೆ ಹೊಳೆಯುವಂಥದ್ದು, ಮೂಲೆಯಲ್ಲಿ ‘ಒರಿಜಿನಲ್’ ಎಂಬ ಬಂಗಾರದ ಬಣ್ಣದ ಚೀಟಿ ಅಂಟಿಸಿಕೊಂಡಿದ್ದು. ಆ ಚೀಟಿಯೊಂದನ್ನು ಬಿಟ್ಟರೆ ಅದರಲ್ಲಿ ಒರಿಜಿನಲ್ ಆದದ್ದು ಏನೂ ಇರಲಿಲ್ಲ. ಎಸೆಯಬಹುದಿತ್ತು. ಎಸೆಯಲಿಲ್ಲ. ಕಣ್ಣ ಮುಂದೆ ಇದ್ದರೆ ಸಿಟ್ಟು ಆರುವುದಿಲ್ಲ ಎಂದು ಇಟ್ಟುಕೊಂಡಿದ್ದೆ.

ಸಿಟ್ಟು ಒಳ್ಳೆಯದಲ್ಲ ಎಂದು ನೀವು ಹೇಳಬಹುದು. ನನ್ನ ಮಟ್ಟಿಗೆ ಅದು ಒಳ್ಳೆಯದನ್ನೇ ಮಾಡಿದೆ. ನಮ್ಮ ವಂಶದಲ್ಲಿ ಡಿಗ್ರಿ ಎಂಬುದನ್ನು ಮೊದಲು ಮನೆಗೆ ತಂದವಳು ನಾನು. ತಂದದ್ದು ಬುದ್ಧಿಯಿಂದ ಅರ್ಧ, ಸಿಟ್ಟಿನಿಂದ ಅರ್ಧ. ಈಗ ಚನ್ನಗಿರಿಯಲ್ಲಿ ಕಾಲೇಜಿನ ಮಕ್ಕಳಿಗೆ ಇತಿಹಾಸ ಹೇಳುತ್ತೇನೆ. ಮೂಲ ಆಕರ ನೋಡದೆ ಯಾರ ಮಾತನ್ನೂ ನಂಬಬೇಡಿ ಎಂದು ವರ್ಷಕ್ಕೆ ನೂರು ಸಲ ಹೇಳುವ ಹೆಂಗಸಿಗೆ ಹೊನ್ನಾಳಿಯ ಒಬ್ಬ ಅಂಗಡಿಯವನು ಈ ಲಾಕನ್ನು ಕಟ್ಟಿ ಕೊಟ್ಟ. ಕೊಡುವ ಮುಂಚೆ ನನ್ನ ಹೆಗಲ ಮೇಲಿಂದ ಬೀದಿಯನ್ನು ಹಣಕಿ ನೋಡಿ, “ಯಜಮಾನ್ರು ಬಂದಿಲ್ಲೇನ್ರಿ? ಅವ್ರಾದ್ರೆ ಬಿಡಿಸಿ ಹೇಳಬೋದಿತ್ತು” ಎಂದ. ನಮ್ಮ ಯಜಮಾನರು ದೇವರಂಥವರು, ಆದರೆ ಸ್ಕೂಟರಿನ ಚಕ್ರ ಪಂಕ್ಚರಾದರೆ ರಸ್ತೆ ಕೆಟ್ಟಿದೆ ಎಂದುಕೊಳ್ಳುವಂಥವರು. ಅವರಿಗೆ ಹೇಳುವುದನ್ನು ನನಗೇ ಹೇಳಿ ಎಂದೆ. ಮೊದಲ ಕಾಲದ ಅಂಬಾಸಿಡರಿಗೂ ಆಮೇಲಿನವಕ್ಕೂ ಲಾಕು ಬೇರೆ ಬೇರೆ, ನನಗೆ ಬೇಕಾದದ್ದು ಮೊದಲಿನದು, ಎಡಗಡೆಯ ಹಿಂದಿನ ಬಾಗಿಲಿನದು ಎಂದೆ. ಎಲ್ಲಾ ಒಂದೇ ಮೇಡಮ್, ಹೆಸರಷ್ಟೇ ಬ್ಯಾರೆ, ಎಂದ. ಮನೆಗೆ ತಂದು ಹಿಡಿದರೆ ಸ್ಕ್ರೂ ತೂತುಗಳು ಎರಡು ನೂಲು ಆಚೆ ಇದ್ದವು, ತಗಡು ಹಪ್ಪಳದಷ್ಟು ತೆಳುವಾಗಿತ್ತು. ಕೇಳಲು ವಾಪಸು ಹೋದಾಗಲೂ ಅವನು ಮೊದಲು ನೋಡಿದ್ದು ನನ್ನ ಹಿಂದಿನ ಬೀದಿಯನ್ನೇ.

ಒರಿಜಿನಲ್ ಎಂಬ ಈ ಮಾತಿನ ಮೇಲೆಯೇ ನನಗೊಂದು ಹಳೆಯ ಹಗೆಯಿದೆ. ಮೊದಲ ತಲೆಮಾರಿನಲ್ಲಿ ಓದಿದವರೆಲ್ಲರಿಗೂ ಇರುತ್ತದೆ. ಹಾಸ್ಟೆಲಿಗೆ ಹೋದರೆ ಒರಿಜಿನಲ್ ಎಲ್ಲಿ, ಸ್ಕಾಲರ್‌ಶಿಪ್ಪಿಗೆ ಹೋದರೆ ಒರಿಜಿನಲ್ ಎಲ್ಲಿ, ಕೆಲಸಕ್ಕೆ ಹೋದರೆ ಒರಿಜಿನಲ್ ಎಲ್ಲಿ. ಜೊತೆಯಲ್ಲಿ ನಿಂತ ವಕೀಲರ ಮಗಳ ಅಂಕಪಟ್ಟಿಯನ್ನು ಹಾಗೇ ಮಡಿಸಿ ಫೈಲಿಗೆ ಸೇರಿಸಿದ ಗುಮಾಸ್ತರು ನನ್ನದನ್ನು ಕಿಟಕಿಯ ಬೆಳಕಿಗೆ ಹಿಡಿದು, ಮುಂದೆ ತಿರುಗಿಸಿ, ಹಿಂದೆ ತಿರುಗಿಸಿ, ಡ್ರೈವರ್ ಮಗಳಾ ಎಂದು ಕೇಳಿ, ಮತ್ತೊಮ್ಮೆ ಬೆಳಕಿಗೆ ಹಿಡಿದಿದ್ದರು. ಆ ಹಾಳೆ ನಿಜವಾದದ್ದೇ ಆಗಿತ್ತು. ನಾನು ನಿಜವಾದವಳೋ ಅಲ್ಲವೋ ಎಂಬುದು ಅವರ ಸಂಶಯವಾಗಿತ್ತು. ಹಾಗೆ ಬೆಳಕಿಗೆ ಹಿಡಿಸಿಕೊಂಡು ಹಿಡಿಸಿಕೊಂಡು ದೊಡ್ಡವಳಾದ ನಾನು ಈ ಎರಡು ವರ್ಷ ಕಂಡ ಕಂಡ ಗುಜರಿಯಲ್ಲಿ ದೀಪದ ಬಳೆ, ಹಾರನ್ನು, ಕಿಟಕಿ ತಿರುಗಿಸುವ ಹಿಡಿಕೆಗಳನ್ನೆಲ್ಲ ಹಾಗೆಯೇ ಬೆಳಕಿಗೆ ಹಿಡಿದು ನೋಡಿದೆನಲ್ಲ, ಆಗ ನನ್ನ ಮುಖದ ಮೇಲೆ ಆ ಗುಮಾಸ್ತರದೇ ಗತ್ತು ಬಂದಿತ್ತೋ ಏನೋ. ಅದು ನನಗೆ ಹೊಳೆದದ್ದು ತಡವಾಗಿ.

ಕಾರು ಯಾರದು ಎಂದು ಹೇಳಲಿಲ್ಲ. ನ್ಯಾಮತಿಯ ಒಂದು ಅಕ್ಕಿ ಗಿರಣಿಯ ಸಾವ್ಕಾರರದು. ಅಪ್ಪ ಅದರ ಡ್ರೈವರ್. ಕೆಲಸಕ್ಕೆ ಸೇರಿದಾಗ ಅವನಿಗೆ ಮೀಸೆ ಸರಿಯಾಗಿ ಬಂದಿರಲಿಲ್ಲ, ಬಿಟ್ಟಾಗ ಇದ್ದ ಮೀಸೆಯೆಲ್ಲ ಬೆಳ್ಳಗಾಗಿತ್ತು. ಸಾವ್ಕಾರರು ಕೂರುತ್ತಿದ್ದದ್ದು ಹಿಂದಿನ ಸೀಟಿನ ಎಡಗಡೆ. ಕಾರಿನ ಬಾಗಿಲನ್ನು ಅವರು ತಮ್ಮ ಕೈಯಿಂದ ಮುಟ್ಟಿದ್ದನ್ನು ಯಾರೂ ಕಂಡಿಲ್ಲ. ಕಾರು ನಿಂತರೆ ಅವರು ಒಳಗೆ ವಿಗ್ರಹದ ಹಾಗೆ ಕೂತಿರುವರು. ಅಪ್ಪ ಇಳಿದು, ಮುಂದಿನಿಂದ ಸುತ್ತು ಹಾಕಿ ಓಡಿ ಬಂದು, ಗುಂಡಿ ಒತ್ತಿ ತೆರೆಯಬೇಕು. ಹತ್ತಿದ ಮೇಲೆ ಮುಚ್ಚಬೇಕು, ಅದೂ ಒಂದೇ ಸಲಕ್ಕೆ. ಎರಡನೇ ಸಲ ಬಡಿದರೆ ಅವರ ಹುಬ್ಬು ಗಂಟಾಗುತ್ತಿತ್ತು. ಹಾಗಾಗಿ ಅಪ್ಪ ಆ ಬಾಗಿಲನ್ನು ಅಂಗೈಯ ಭಾರದಲ್ಲೇ ಮುಚ್ಚುವುದನ್ನು ಕಲಿತಿದ್ದ. ಟಕ್ ಎಂದು ಒಂದು ಸಣ್ಣ, ದುಂಡನೆಯ ಸದ್ದು. ಗಿರಣಿಯ ಅಷ್ಟು ಗದ್ದಲದಲ್ಲೂ ಓಣಿಯ ತುದಿಯ ನಮ್ಮ ಮನೆಗೆ ಅದು ಕೇಳುತ್ತಿತ್ತು. ಕೇಳಿದರೆ ಅವ್ವ ಒಲೆಯ ಮೇಲಿನ ಎಸರನ್ನು ಇಳಿಸುವಳು. ಸಾವ್ಕಾರರು ಎಲ್ಲಿಗೋ ಹೊರಟರು, ಅಪ್ಪ ಊಟಕ್ಕೆ ಬರುವುದಿಲ್ಲ ಎಂದು ಅದರ ಅರ್ಥ.

ಆ ಹಿಂದಿನ ಸೀಟಿನಲ್ಲಿ ಅಪ್ಪ ಒಂದು ದಿನವೂ ಕೂತವನಲ್ಲ. ಒರೆಸುವಾಗಲೂ ಮೊಣಕಾಲನ್ನು ಕೆಳಗೆ ಊರಿ ಒರೆಸುತ್ತಿದ್ದ. ಇನ್ನು ನಾವು ಮಕ್ಕಳು ಕೂರುವ ಮಾತೆಲ್ಲಿ. ಡಿಗ್ರಿಗೆ ಸೇರಲು ಹೊನ್ನಾಳಿಗೆ ಹೊರಟ ದಿನ ನಾನು ನ್ಯಾಮತಿಯ ಬಸ್ ಸ್ಟ್ಯಾಂಡಿನಲ್ಲಿ ಕಾಗದಗಳ ಚೀಲವನ್ನು ಎದೆಗವಚಿಕೊಂಡು ಬಿಸಿಲಲ್ಲಿ ನಿಂತಿದ್ದೆ. ಹೊನ್ನಾಳಿಯಲ್ಲಿದ್ದ ಸಾವ್ಕಾರರನ್ನು ಕರೆತರಲು ಅಪ್ಪ ಅದೇ ದಾರಿಯಲ್ಲಿ ಖಾಲಿ ಕಾರು ಓಡಿಸಿಕೊಂಡು ಬಂದ. ನನ್ನನ್ನು ನೋಡಿದ. ನೋಡಿ, ಮುಂದಕ್ಕೆ ನೋಡಿದ. ಇಡೀ ಹಿಂದಿನ ಸೀಟು ಖಾಲಿಯಾಗಿ ನನ್ನೆದುರು ಹಾದು ಹೋಯಿತು. ಆಮೇಲೆ ಬಂದ ಬಸ್ಸಿನಲ್ಲಿ ನಿಂತುಕೊಂಡೇ ಹೋದೆ, ಹೋಗಿ ಸೇರಿದೆ. ಬಹಳ ವರ್ಷ ಆ ಸಿಟ್ಟು ಅಪ್ಪನ ಮೇಲಿತ್ತು. ಅದು ಯಾರ ಮೇಲಿರಬೇಕಿತ್ತು ಎಂದು ತಿಳಿಯಲು ಇತಿಹಾಸದಲ್ಲಿ ಎಂ.ಎ. ಮಾಡಬೇಕಾಯಿತು.

ಸಾವ್ಕಾರರು ತೀರಿಕೊಂಡರು, ಗಿರಣಿ ನಿಂತಿತು. ಅವರ ಮಕ್ಕಳು ಕಾರಿನ ಕೀಲಿ ಕಳೆದು, ಗೊಬ್ಬರದ ಚೀಲ ಒಟ್ಟುವುದಕ್ಕೆಂದು ಹಿಂದಿನ ಬಾಗಿಲಿಗೆ ಹಾರೆ ಹಾಕಿ ಎಬ್ಬಿದ್ದರು. ಅದರ ಲಾಕು ಒಡೆದದ್ದು ಹಾಗೆ. ಆ ಕಾರನ್ನು ನಾನು ಕೇಳಿ ತಂದೆ. ಯಾಕೆ ತಂದೆ ಎಂಬುದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ನಿಮಗೆ ಹೇಳುತ್ತೇನೆ. ಅಪ್ಪ ಈಗ ನನ್ನ ಜೊತೆಗಿದ್ದಾನೆ. ಅವನ ಕಣ್ಣು ಅಂಚಿನಿಂದ ಕತ್ತಲಾಗುತ್ತ ಬರುತ್ತಿದೆ; ಹೋದದ್ದು ವಾಪಸು ಬರುವುದಿಲ್ಲ, ಇದ್ದದ್ದು ಎಷ್ಟು ದಿನವೋ ಹೇಳಲಾಗದು ಎಂದು ಡಾಕ್ಟರು ಹೇಳಿದ್ದಾರೆ. ಆ ಬೆಳಕು ಇರುವಾಗಲೇ ಒಂದು ಸಲ, ಒಂದೇ ಒಂದು ಸಲ, ನಾನು ಆ ಕಾರನ್ನು ಸುತ್ತಿ ಓಡಿ ಬಂದು ಎಡಗಡೆಯ ಹಿಂದಿನ ಬಾಗಿಲು ತೆರೆಯಬೇಕು, ಅಪ್ಪ ಆ ಸೀಟಿನಲ್ಲಿ ಕೂರಬೇಕು, ನಾನು ಬಾಗಿಲು ಮುಚ್ಚಬೇಕು, ಅದು ಅದೇ ಸದ್ದು ಮಾಡಬೇಕು. ಬೇರೆ ಸದ್ದು ನನಗೆ ಬೇಡವಾಗಿತ್ತು.

ಚನ್ನಗಿರಿಯ ಬಾಷಾ ಮೇಸ್ತ್ರಿ ಎರಡು ವರ್ಷ ಆ ಕಾರಿನ ಕೆಳಗೆ ಮಲಗಿ ಎದ್ದ. ಎಂಜಿನ್ ಮಾತಾಡಿತು, ಬಣ್ಣ ಬಂತು, ಉಳಿದ ಮೂರು ಬಾಗಿಲು ಸರಿಹೋದವು. ಈ ಬಾಗಿಲೊಂದನ್ನು ಹಗ್ಗದಲ್ಲಿ ಕಟ್ಟಿಟ್ಟಿದ್ದೆವು. ಹೊನ್ನಾಳಿಯ ಲಾಕಿನ ತೂತನ್ನೇ ಅರದಿಂದ ಉಜ್ಜಿ ಅಗಲ ಮಾಡಿ ಕೂರಿಸುತ್ತೇನೆ ಎಂದು ಮೇಸ್ತ್ರಿ ಎಷ್ಟೋ ಸಲ ಹೇಳಿದ. ನಾನು ಒಪ್ಪಲಿಲ್ಲ. “ಮೇಡಮ್ಮೋರೆ, ನೀವು ಕಾರು ರಿಪೇರಿ ಮಾಡ್ಸಾದು ಬಿಟ್ಟು ಅದಕ್ಕೆ ವಂಶವೃಕ್ಷ ಬರೀತಾ ಇದೀರಿ” ಎಂದು ನಕ್ಕ. ಫೋನಿನಲ್ಲಿ ಹಳೇ ಕಾರಿನ ಶೋಕಿಯವರ ಒಂದು ಗುಂಪಿದೆ. ಅಲ್ಲಿ ಫೋಟೋ ಹಾಕಿ ಕೇಳಿದೆ. ದೊಡ್ಡ ಊರಿನ ಒಬ್ಬ ಮಹಾಶಯರು ನನಗೆ ಬೇಕಾದ ಲಾಕು ತಮ್ಮಲ್ಲಿ ನಾಲ್ಕಿವೆ, ಕೊಡುವುದಕ್ಕಲ್ಲ, ಇಟ್ಟುಕೊಳ್ಳುವುದಕ್ಕೆ ಎಂದು ಬರೆದರು. ನಮ್ಮ ಕಡೆಯ ಹಳ್ಳಿಗಳಿಂದಲೇ ಬಿಚ್ಚಿಸಿಕೊಂಡು ಹೋದದ್ದಂತೆ. ಜೊತೆಗೆ, ಸರಿಯಾದ ಲಾಕಿಲ್ಲದಿದ್ದರೆ ನಿಮ್ಮದು ಬರೀ ಹಳೇ ಕಾರು ಎಂಬ ಉಪದೇಶ. ಆ ದಿನ ನಾನು ತಿದ್ದಿದ ಪತ್ರಿಕೆಗಳ ಮಕ್ಕಳ ಕ್ಷಮೆ ಕೇಳಬೇಕು. ಅವರು ಕಳೆದುಕೊಂಡ ಅಂಕಗಳಲ್ಲಿ ಕೆಲವು ಆ ಮಹಾಶಯರ ಮೇಲಿನ ಸಿಟ್ಟಿಗೆ ಹೋದವಿರಬಹುದು.

ಅಂಥ ಹೊತ್ತಿನಲ್ಲಿ ಜಗಳೂರು ಕಡೆಯ ನನ್ನ ಸಹೋದ್ಯೋಗಿಯೊಬ್ಬರು, ಬಿಳಿಚೋಡಿನ ಹತ್ತಿರ ಕುರಿಮರಿ ಕೂಡುವುದಕ್ಕೆ ಒಂದು ಅಂಬಾಸಿಡರ್ ಇಟ್ಟುಕೊಂಡಿದ್ದಾರೆ ಎಂದರು. ತಮಾಷೆ ಎಂದುಕೊಂಡೆ. ಭಾನುವಾರ ಬಸ್ಸು ಹಿಡಿದು ಹೋಗಿ ನೋಡಿದರೆ ನಿಜ. ಹೊಲದ ಬದುವಿನಲ್ಲಿ, ಜಾಲಿಮುಳ್ಳಿನ ಬೇಲಿಯೊಳಗೆ, ಚಕ್ರವಿಲ್ಲದ, ಎಂಜಿನ್ನಿಲ್ಲದ, ಸೀಟೂ ಇಲ್ಲದ ಒಂದು ಕಾರು ಕಲ್ಲುಗಳ ಮೇಲೆ ಕೂತಿತ್ತು. ಕಿಟಕಿಗಳಿಗೆ ತಂತಿಬಲೆ. ಒಳಗೆ ಹುಲ್ಲಿನ ಮೇಲೆ ಏಳೆಂಟು ಎಳೆಮರಿಗಳು. ಹುಟ್ಟಿದ ಮರಿಗಳನ್ನು ಹಿಂಡಿನ ಜೊತೆ ಮೇಯಲು ಬಿಡುವುದಿಲ್ಲ; ತಾಯಿಗಳು ಸಂಜೆ ವಾಪಸು ಬರುವವರೆಗೆ, ಹಾಲು ಕುಡಿದ ಮೇಲೆ ರಾತ್ರಿಗೂ, ಎಲ್ಲಾದರೂ ಕೂಡಿಡಬೇಕು. ಅಲ್ಲಿ ಕುರಿ ಸಾಕಿದ್ದ ಮಾರಜ್ಜಿ ಹೇಳಿದಳು: ಮೊದಲು ಮರಿಗಳ ಮೇಲೆ ಮಂಕರಿ ಬುಟ್ಟಿ ಕವುಚುತ್ತಿದ್ದರಂತೆ, ತೋಳ ಬಂದು ಮಗುಚಿ ಹೊತ್ತೊಯ್ಯುತ್ತಿತ್ತಂತೆ. ಯಾವುದೋ ಕಾಲದಲ್ಲಿ ಆ ಊರಲ್ಲಿ ಕೆಟ್ಟು ನಿಂತ ಈ ಕಾರಿನ ಗೂಡನ್ನು ಮಗ ಎಳೆತಂದ ಮೇಲೆ ಒಂದು ಮರಿಯೂ ಹೋಗಿಲ್ಲ.

ನನ್ನ ಕಣ್ಣು ಮರಿಗಳ ಮೇಲಿರಲಿಲ್ಲ. ಎಡಗಡೆಯ ಹಿಂದಿನ ಬಾಗಿಲಿನ ಮೇಲಿತ್ತು. ಅಜ್ಜಿ ಎರಡು ಮರಿಗಳನ್ನು ಎರಡು ಕಂಕುಳಲ್ಲಿ ಹಿಡಿದು ಹೊರಗೆ ಬಂದು, ಹಿಂದಕ್ಕೆ ನೋಡದೆ ಸೊಂಟದಿಂದ ಬಾಗಿಲನ್ನು ನೂಕಿದಳು. ಟಕ್.

ನಲವತ್ತು ದಾಟಿದ ಹೆಂಗಸು ಆ ಸದ್ದಿಗೆ ಜಾಲಿಮುಳ್ಳಿನ ನಡುವೆ ನಿಂತು ಕಣ್ಣೊರೆಸಿಕೊಂಡಳು ಎಂದರೆ ನೀವು ನಗಬೇಡಿ. ಆಮೇಲೆ ನಾನು ಮಾಡಿದ್ದಕ್ಕೆ ಬೇಕಾದರೆ ನಗಿ, ಉಗಿಯಿರಿ. ಆ ಲಾಕು ಬೇಕು ಎಂದೆ. ಅಜ್ಜಿ ಆಯಿತೆಂದೂ ಅನ್ನಲಿಲ್ಲ, ಆಗದೆಂದೂ ಅನ್ನಲಿಲ್ಲ. ಇದರಾಗೆ ಏನೈತವ್ವ ಎಂದು ಬಾಗಿಲನ್ನೇ ನೋಡಿದಳು. ನಾನು ಅಪ್ಪನ ಕಣ್ಣಿನ ಕಥೆ ಹೇಳಿದೆ. ಪಾಠ ಮಾಡುವವರ ಬಾಯಿ, ಕೇಳಬೇಕೆ. ಜಗಳೂರಿಗೆ ಹೋಗಿ ಕಬ್ಬಿಣದ ಅಂಗಡಿಯಿಂದ ದಪ್ಪನೆಯ ಒಂದು ಚಿಲಕ ತಂದು, ಅಜ್ಜಿಯ ಮಗನ ಕೈಯಲ್ಲೇ ಲಾಕು ಬಿಚ್ಚಿಸಿ, ಅದೇ ಬಾಗಿಲಿಗೆ ಹೊರಗಡೆಯಿಂದ ಚಿಲಕ ಹೊಡೆಸಿದೆ. ಇದು ಅದಕ್ಕಿಂತ ಗಟ್ಟಿ, ಆನೆ ಬಂದರೂ ತೆಗೆಯಲಾಗದು ಎಂದೆ. ಹೌದೇನವ್ವ, ಎಂದಳು ಅಜ್ಜಿ. ನಾನು ಬಸ್ಸು ಹತ್ತುವಷ್ಟರಲ್ಲಿ ಹಿಂಡು ವಾಪಸು ಬಂದಿತ್ತು. ಬಿಟ್ಟ ಮರಿಗಳು ಆ ನೂರು ಕುರಿಗಳ ಗದ್ದಲದಲ್ಲಿ ನೆಟ್ಟಗೆ ತಮ್ಮ ತಮ್ಮ ತಾಯಿಯ ಕೆಚ್ಚಲಿಗೆ ಹೋಗಿ ಬಾಯಿ ಹಾಕಿದವು. ಒಂದನ್ನೂ ಯಾರೂ ಬೆಳಕಿಗೆ ಹಿಡಿದು ನೋಡಬೇಕಾಗಲಿಲ್ಲ. ಎಷ್ಟು ಚೆಂದ ಎಂದುಕೊಂಡೆ, ಚೀಲದಲ್ಲಿ ಅವುಗಳ ಬಾಗಿಲನ್ನು ಇಟ್ಟುಕೊಂಡು.

ಸೋಮವಾರ ಸಂಜೆ ಮೇಸ್ತ್ರಿ ಲಾಕು ಕೂರಿಸಿದ. ಒಂದು ಸ್ಕ್ರೂ ಕೂಡ ತಕರಾರು ಮಾಡಲಿಲ್ಲ. ಅಪ್ಪನನ್ನು ಕೈಹಿಡಿದು ತಂದು ನಿಲ್ಲಿಸಿದೆ. ಅವನು ಕೂರುವ ಬದಲು, ಅಭ್ಯಾಸ ನೋಡಿ, ಪಕ್ಕಕ್ಕೆ ಸರಿದು ಅಂಗೈಯೂರಿ ಬಾಗಿಲನ್ನು ಮುಚ್ಚಿದ. ಸದ್ದು ಬಂತು. ಅವನ ಮುಖ ಅರಳಿದ್ದನ್ನು ನಾನು ಕಂಡೆ. ಅದು ಒಂದು ಗಳಿಗೆ.

“ಎಲ್ಲಿದವ್ವ ಇದು?” ಎಂದ.

ಗೆದ್ದವಳ ಹಾಗೆ ಎಲ್ಲವನ್ನೂ ಹೇಳಿದೆ: ಮುಳ್ಳಿನ ಬೇಲಿ, ಮರಿಗಳು, ಅಜ್ಜಿ, ಚಿಲಕ. ಅಪ್ಪ ಕೇಳುತ್ತ ಕೇಳುತ್ತ ಕೈಯನ್ನು ಬಾಗಿಲಿನಿಂದ ತೆಗೆದ.

“ಆಯಮ್ಮ ಬಾಗ್ಲು ಹೆಂಗೆ ಹಾಕ್ತಿತ್ತು?”

“ಸೊಂಟದಾಗೆ ನೂಕಿ.”

“ಎರಡೂ ಕೈಯಾಗೆ ಮರಿ ಇದ್ರೆ ಆ ಚಿಲಕನ ಯಾವ ಕೈಯಾಗೆ ಹಾಕ್ಬೇಕು?”

ಅಪ್ಪ ಜೀವಮಾನದಲ್ಲಿ ನನ್ನ ಮೇಲೆ ದನಿ ಏರಿಸಿದವನಲ್ಲ, ಅಂದೂ ಏರಿಸಲಿಲ್ಲ. ಆದರೆ ಬಾಷಾ ಮೇಸ್ತ್ರಿ ಸ್ಪ್ಯಾನರನ್ನು ಕೆಳಗಿಟ್ಟು ಆಚೆ ಹೋದ. “ಸಾವ್ಕಾರ್ರ ಪೆಟ್ಟಿಗೆ ಒಂದು ಕೈಯಾಗೆ, ಅಮ್ಮಾರ ಬುಟ್ಟಿ ಒಂದು ಕೈಯಾಗೆ ಹಿಡ್ಕಂಡು ನಾನೂ ಸೊಂಟದಾಗೇ ಹಾಕ್ತಿದ್ದೆ. ಬ್ಯಾರೆಯೋರಿಗೆ ತಿಳೀದಿದ್ರೆ ಬಿಡು. ನಿಂಗೆ ತಿಳೀಬೇಕಿತ್ತು” ಎಂದ. ಆಮೇಲೆ, “ಬಿಚ್ಚು” ಎಂದ.

ಮರುದಿನ ಬೆಳಿಗ್ಗೆ ಅದೇ ಕಾರಿನಲ್ಲಿ ಹೊರಟೆವು. ಹಿಂದಿನ ಬಾಗಿಲಿಗೆ ಮತ್ತೆ ಹಗ್ಗ, ಸ್ಟಿಯರಿಂಗ್ ಹಿಡಿದವಳು ನಾನು, ಪಕ್ಕದಲ್ಲಿ ಮಡಿಲಲ್ಲಿ ಲಾಕಿಟ್ಟುಕೊಂಡ ಅಪ್ಪ. ದಾವಣಗೆರೆ ದಾಟುವವರೆಗೂ ಅವನ ಬೆರಳು ಅದರ ಸ್ಕ್ರೂ ತೂತುಗಳನ್ನೇ ಸವರುತ್ತಿತ್ತು. ಮೊದಲ ಸಲ ನನ್ನ ಸಿಟ್ಟಿಗೆ ಹೋಗಿ ಕೂರಲು ಬೇರೆ ಯಾರೂ ಸಿಗಲಿಲ್ಲ: ಹೊನ್ನಾಳಿಯವನೂ ಇಲ್ಲ, ಸಾವ್ಕಾರರೂ ಇಲ್ಲ, ನಾಲ್ಕು ಲಾಕಿನ ಮಹಾಶಯರೂ ಇಲ್ಲ. ಅವರು ಹಳ್ಳಿಗೆ ಬಂದು ಬಿಚ್ಚಿಸಿಕೊಂಡು ಹೋದದ್ದಕ್ಕೂ ನಾನು ಬಿಚ್ಚಿಸಿಕೊಂಡು ಬಂದದ್ದಕ್ಕೂ ಇದ್ದ ವ್ಯತ್ಯಾಸ, ನಾನು ಅತ್ತಿದ್ದೆ ಎಂಬುದಷ್ಟೇ.

ಬಿಳಿಚೋಡಿಗೆ ಹೋಗಿ ನೋಡಿದರೆ ಅಜ್ಜಿಯ ಬಾಗಿಲಿಗೆ ಹರಿದ ಸೀರೆಯ ಅಂಚು ಕಟ್ಟಿತ್ತು. ಮರಿ ಹಿಡಿದುಕೊಂಡು ಚಿಲಕ ಎಳೆಯಲಾಗದೆ ಅಜ್ಜಿ ಮೊದಲ ದಿನವೇ ಬಾಗಿಲನ್ನು ಹಾಗೇ ಬಿಟ್ಟು ಹೋಗಿದ್ದಳಂತೆ, ನಾಯಿ ನುಗ್ಗಿತ್ತಂತೆ. ಪುಣ್ಯಕ್ಕೆ ಮಗ ಕಂಡ. ಅವತ್ತಿನಿಂದ ಎರಡು ರಾತ್ರಿಯೂ ಅವಳು ಆ ಬಾಗಿಲಿಗೇ ಬೆನ್ನು ಕೊಟ್ಟು ಮಲಗಿದ್ದಳು. ಇದನ್ನೆಲ್ಲ ದೂರಿನ ದನಿಯಲ್ಲಿ ಹೇಳಲಿಲ್ಲ, ಅದೇ ಕಷ್ಟ. ಮೊದಲೇ ಯಾಕಜ್ಜಿ ಹೇಳಲಿಲ್ಲ ಎಂದು ಕೇಳಿದೆ.

“ನೀನು ಓದಿದಾಕಿ, ಕಾರಿನ ಮರ್ಮ ತಿಳ್ದಾಕಿ. ಚಿಲಕ ಆಗಾದಿಲ್ಲ ಅಂದಿದ್ರೆ ನೀನೇ ಹೇಳ್ತಿದ್ದೆ ಅಂತ ಸುಮ್ನಿದ್ದೆ ಕಣವ್ವ” ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ, “ನಿನ್ನ ಮಗಳೇನಪ್ಪ? ಬಾಗ್ಲು ಕಿತ್ಕಂಡು ಹೋಗಾಕೆ ಯಾವ ಸ್ಕೂಲಾಗೆ ಕಲಿಸಿದ್ಯ?”

“ಸ್ಕೂಲಿಗೆ ಹಾಕಿದ್ದಷ್ಟೇ ನಾನು. ಮಿಕ್ಕಿದ್ದು ಆಕೀನೇ ಕಲ್ತಿದ್ದು” ಎಂದ ಅಪ್ಪ. ಇಬ್ಬರೂ ನಕ್ಕರು. ನಾನು ಸ್ಕ್ರೂಗಳನ್ನು ಹಿಡಿದುಕೊಂಡು ನಿಂತಿದ್ದೆ.

ಲಾಕನ್ನು ಅಪ್ಪನೇ ಕೂರಿಸಿದ. ಕಣ್ಣು ಅವನಿಗೆ ಬೇಕಾಗಲಿಲ್ಲ. ಬೆರಳು ತೂತನ್ನು ಹುಡುಕಿತು, ಸ್ಕ್ರೂ ಬೆರಳನ್ನು ಹುಡುಕಿತು. ಮುಗಿದ ಮೇಲೆ, ಒಳಗಿನಿಂದ ಹಿಡಿಯುತ್ತದೋ ಇಲ್ಲವೋ ನೋಡಬೇಕು ಎಂದು ಬಗ್ಗಿ ಒಳಕ್ಕೆ ಹೋಗಿ, ಸೀಟಿರಬೇಕಾದ ಕಡೆ ಹುಲ್ಲಿನ ಮೇಲೆ, ಮರಿಗಳ ನಡುವೆ ಚಕ್ಕಂಬಕ್ಕಳ ಹಾಕಿ ಕೂತ. “ಹಾಕವ್ವ ಬಾಗ್ಲು” ಎಂದ. ನಾನು ಮುಂದಾದೆ. ನನಗಿಂತ ಮೊದಲೇ ಮಾರಜ್ಜಿ, ಕಂಕುಳಲ್ಲಿ ಎರಡು ಮರಿ, ಯಾವ ವೈಭವವೂ ಇಲ್ಲದೆ, ಸೊಂಟದಿಂದ ಒಂದು ನೂಕು ನೂಕಿದಳು.

ಟಕ್.

ಎರಡು ವರ್ಷ ನಾನು ಅಟ್ಟಿಸಿಕೊಂಡು ಹೋದ ಗಳಿಗೆ ಅದೇ. ಎಡಗಡೆಯ ಹಿಂದಿನ ಬಾಗಿಲು, ಒಳಗೆ ಅಪ್ಪ, ಹೊರಗಿನಿಂದ ಇನ್ನೊಬ್ಬರು ಮುಚ್ಚಿದ್ದು, ಒಂದೇ ಸಲಕ್ಕೆ. ಹಿಕ್ಕೆಯ ವಾಸನೆ, ತಂತಿಬಲೆ, ಎಲ್ಲಿಗೂ ಹೋಗದ ಕಾರು. ನನಗೆ ಕೂಗಬೇಕೆನಿಸಿತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಬಲೆಯ ಹಿಂದೆ ಅಪ್ಪ ಒಂದು ಮರಿಯ ಬೆನ್ನ ಮೇಲೆ ಕೈಯಿಟ್ಟು ತಲೆ ವಾಲಿಸಿ ಕೂತಿದ್ದ.

“ಇನ್ನೊಂದ್ಸಲ ಹಾಕವ್ವ” ಎಂದ. ಅಜ್ಜಿ ಮೊಣಕೈಯಿಂದ ಗುಂಡಿ ಒತ್ತಿ ತೆರೆದು ಹಾಕಿದಳು. “ಇದು ಒಳಗಿಂದ ಬ್ಯಾರೆನೇ ಕೇಳ್ಸುತ್ತೆ” ಎಂದ ಅಪ್ಪ.

ಮೂವತ್ತಕ್ಕೂ ಹೆಚ್ಚು ವರ್ಷ ಆ ಸದ್ದನ್ನು ಮಾಡಿದ ಮನುಷ್ಯನಿಗೆ ಅದು ಒಳಗಿನಿಂದ ಹೇಗೆ ಕೇಳುತ್ತದೆ ಎಂದು ಗೊತ್ತಿರಲಿಲ್ಲ. ಇದರಿಂದ ನನ್ನ ಸಿಟ್ಟು ಇಳಿದಿದೆ ಎಂದು ನೀವು ತಿಳಿಯಬೇಡಿ. ಇಳಿದಿಲ್ಲ, ಇಳಿಯುವುದೂ ಬೇಡ.

ಈಗ ನಮ್ಮ ಕಾರಿನ ಆ ಬಾಗಿಲಿಗೆ ಹೊನ್ನಾಳಿಯ ಲಾಕೇ ಕೂತಿದೆ. ಬಾಷಾ ಮೇಸ್ತ್ರಿ ತೂತು ಉಜ್ಜಿ ಕೂರಿಸಿಕೊಟ್ಟ, ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದ. ಎರಡು ಸಲ ಬಡಿದರೆ ಮುಚ್ಚುತ್ತದೆ, ಡಬ್ಬಿಯ ಹಾಗೆ ಸದ್ದು ಮಾಡುತ್ತದೆ. ಅಪ್ಪನನ್ನು ಹಿಂದೆ ಕೂರು ಎಂದು ಕರೆದೆ. “ಹಿಂದೆ ಕೂತಾತಲ್ಲ. ಕಾಣಾಷ್ಟು ದಿನ ಮುಂದೆ ಕೂತು ರಸ್ತೆ ನೋಡಾನ” ಎಂದು ನನ್ನ ಪಕ್ಕದಲ್ಲೇ ಕೂರುತ್ತಾನೆ. ನ್ಯಾಮತಿಯ ಬಸ್ ಸ್ಟ್ಯಾಂಡಿನ ಮುಂದೆ ಹಾದರೆ ನಿಧಾನ ಮಾಡು ಎನ್ನುತ್ತಾನೆ, ಯಾಕೆ ಎಂದು ಹೇಳುವುದಿಲ್ಲ. ಪುಸ್ತಕದ ಚೀಲ ಹೊತ್ತ ಹುಡುಗಿಯರು ನಿಂತಿದ್ದರೆ ಹಿಂದಿನ ಸೀಟು ತುಂಬುತ್ತದೆ, ಬಾಗಿಲನ್ನು ಎರಡು ಸಲ ಬಡಿಯಬೇಕು ಎಂದು ಅಪ್ಪ ಅವರಿಗೆ ಹೇಳಿಕೊಡುತ್ತಾನೆ.

ನನ್ನ ಮೇಜಿನ ಮೇಲೆ ಉತ್ತರ ಪತ್ರಿಕೆಗಳ ಭಾರಕ್ಕೆ ಈಗಿರುವುದು ಮಾರಜ್ಜಿ ವಾಪಸು ಕೊಟ್ಟ ಚಿಲಕ. ಗಟ್ಟಿಯಾಗಿದೆ, ಜಗಳೂರಿನ ಅಂಗಡಿಯವನು ಮೋಸ ಮಾಡಿಲ್ಲ, ಫ್ಯಾನು ಎಷ್ಟೇ ತಿರುಗಲಿ ಒಂದು ಹಾಳೆಯೂ ಅಲುಗುವುದಿಲ್ಲ. ಆದರೆ ಪ್ರತಿ ಪತ್ರಿಕೆಗೂ ಅದನ್ನು ಎತ್ತುವುದಕ್ಕೆಂದು ನಾನು ಪೆನ್ನು ಕೆಳಗಿಡಬೇಕು. ಒಂದು ಕೈ ಖಾಲಿ ಬೇಕು.